ಹೆಣ್ಣು ಹಾವನ್ನು ಆರಿಸಲು ಹೋದ ಭಾನುವಾರಗಳು

ನಮ್ಮ ಮನೆಗೆ ಮೊದಲ ಹಾವು ಬಂದದ್ದು ಮೇಲಿನ ಮಹಡಿಯಿಂದ. ಮಿಯಾಪುರದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ದಂಪತಿಗೆ ಪುಣೆಗೆ ವರ್ಗವಾಯಿತು. ಅಲ್ಲಿ ಸಿಕ್ಕ ಮನೆಯ ಮಾಲೀಕರು ಬೆಕ್ಕನ್ನೇ ಒಪ್ಪುವವರಲ್ಲ, ಇನ್ನು ಹಾವಿನ ಮಾತೆಲ್ಲಿ? ಆ ದಂಪತಿ ಊರಿಗೆ ಹೋದಾಗಲೆಲ್ಲ ಹಾವಿನ ನೀರು ಬದಲಿಸಿ ಬರುತ್ತಿದ್ದವಳು ನಾನು. ಹಾಗಾಗಿ ಅರಣ್ಯ ಇಲಾಖೆಯ ನೋಂದಣಿಯನ್ನು ನನ್ನ ಹೆಸರಿಗೆ ಮಾಡಿಸಿ, ಗಾಜಿನ ಪೆಟ್ಟಿಗೆ ಸಮೇತ ನನಗೇ ಕೊಟ್ಟು ಹೋದರು.

ಅದು ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು, ಬಾಲ್ ಪೈಥಾನ್. ವಿಷವಿಲ್ಲ. ಹೆದರಿದರೆ ತಲೆಯನ್ನು ಮೈಯ ಸುರುಳಿಯೊಳಗೆ ಬಚ್ಚಿಟ್ಟುಕೊಂಡು ಚೆಂಡಿನಂತಾಗುತ್ತದೆ. ಆ ಸ್ವಭಾವವೇ ನನಗೆ ಹಿಡಿಸಿತ್ತು. ಹೋಗುವ ದಿನ ಮೇಲಿನ ಮನೆಯಾಕೆ ಒಂದು ಮಾತು ಹೇಳಿದಳು. ಇದು ನೋಡಲು ಬರೀ ಕಂದು, ಆದರೆ ಇದರ ರಕ್ತದಲ್ಲಿ ಬಿಳಿ ಇದೆಯಂತೆ, ಮಾರಿದವನು ಹಾಗೆ ಹೇಳಿದ್ದನಂತೆ.

ಮೆಟ್ರೋ ನಿಲ್ದಾಣದ ಹತ್ತಿರ ನನಗೊಂದು ಕನ್ನಡಕದ ಅಂಗಡಿಯಿದೆ. ದಿನವೂ ಕಣ್ಣಿಗೆ ಕಾಣುವುದು, ಕಾಣದಿರುವುದು ಇದರಲ್ಲೇ ಬದುಕುವವಳಿಗೆ ಕಾಣದ ಬಣ್ಣವೊಂದು ಮನೆಯಲ್ಲೇ ಇದೆ ಎಂದರೆ ಸುಮ್ಮನಿರಲು ಹೇಗೆ ಸಾಧ್ಯ? ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ಓದತೊಡಗಿದೆ. ಈ ಹಾವುಗಳಲ್ಲಿ ಬಣ್ಣದ ತಳಿಗಳು ಬಹಳ, ಸಾಕುವವರು ಅವನ್ನು ಮಾರ್ಫ್ ಎನ್ನುತ್ತಾರೆ. ಅದರಲ್ಲೊಂದು, ಮೈಯೆಲ್ಲ ಅಚ್ಚ ಬಿಳಿಯಿದ್ದು ಅಲ್ಲಲ್ಲಿ ಮಾತ್ರ ಕಂದು ಚಿತ್ತಾರ ಇರುವಂಥದು. ಬಿಳಿಯನ್ನು ಒಳಗೆ ಬಚ್ಚಿಟ್ಟುಕೊಂಡ ಕಂದು ಗಂಡನ್ನೂ ಅಂಥ ಬಿಳಿ ಹೆಣ್ಣನ್ನೂ ಕೂಡಿಸಿದರೆ, ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬಿಳಿ ಹುಟ್ಟುತ್ತವೆ. ನಮ್ಮದು ಗಂಡು, ಅಂದರೆ ನನಗೊಂದು ಹೆಣ್ಣು ಬೇಕಿತ್ತು.

ನನ್ನ ಗಂಡನಿಗೆ ಹಾವೆಂದರೆ ಆಗುವುದಿಲ್ಲ. ಪೆಟ್ಟಿಗೆಯ ಬಾಗಿಲು ತೆರೆದರೆ ಸೋಫಾದ ಮೇಲೆ ಕಾಲು ಮಡಚಿ ಕೂರುವವರು. “ಒಂದ ಸಾಲೂದಿಲ್ಲೇನು ನಿನಗ?” ಎಂದರು. ಆದರೂ ಭಾನುವಾರ ಕಾರು ತೆಗೆದವರು ಅವರೇ.

ನಮ್ಮ ಹಾವನ್ನು ನೋಡುವ ಪಶುವೈದ್ಯರು ಊರಿನ ಇನ್ನೊಂದು ತುದಿಯ ಕುಷಾಯಿಗೂಡದ ಒಬ್ಬ ಮೇಡಂ ಬಳಿ ವಿಚಾರಿಸಲು ಹೇಳಿದ್ದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು, ಮನೆಯ ಮಹಡಿಯಲ್ಲಿ ಇವನ್ನು ಸಾಕಿ ಮರಿ ಮಾಡಿಸುತ್ತಾರೆ. ಫೋನಿನಲ್ಲಿ ಅವರು ತಮ್ಮ ಹಾವಿನ ಬಗ್ಗೆ ಹೇಳಿದ್ದು ಕಡಿಮೆ, ನನ್ನ ಹಾವಿನ ಬಗ್ಗೆ ಕೇಳಿದ್ದೇ ಹೆಚ್ಚು. ಏನು ತಿನ್ನುತ್ತದೆ, ಎಷ್ಟು ಬೆಚ್ಚಗಿಟ್ಟಿದ್ದೀರಿ, ಪೊರೆ ಇಡಿಯಾಗಿ ಬಿಡುತ್ತದೋ ಚೂರುಚೂರಾಗಿಯೋ ಎಂದೆಲ್ಲ. ಆ ಭಾನುವಾರ ನಾವು ತಲುಪಿದಾಗ ಗೇಟಿನಲ್ಲಿ ಯಾರೊಂದಿಗೋ ತೆಲುಗಿನಲ್ಲಿ ಮಾತಾಡುತ್ತಿದ್ದವರು ನಮ್ಮ ಕನ್ನಡ ಕೇಳಿ ತಿರುಗಿದರು. ನಾವು ಹುಬ್ಬಳ್ಳಿಯವರು, ಅವರು ಬೀದರಿನವರು.

“ಮೊದಲ ಕೈ ತೊಳಕೊಂಡ ಬರ್ರಿ,” ಎಂದರು. ನಮ್ಮ ಮನೆಯ ಹಾವಿನ ರೋಗವೇನಾದರೂ ಇದ್ದರೆ ತಮ್ಮವಕ್ಕೆ ಅಂಟಬಾರದೆಂದು. ನನ್ನ ಗಂಡ ಕೆಳಗೆ ಹಾಲ್‌ನಲ್ಲೇ ಉಳಿದರು.

ಮಹಡಿಯ ಕೋಣೆ ಹಸಿ ತೆಂಗಿನ ನಾರಿನ ವಾಸನೆ ಹೊಡೆಯುತ್ತಿತ್ತು, ಒಳಗೆ ಹದವಾದ ಶಾಖ. ಕಬ್ಬಿಣದ ಕಪಾಟುಗಳಲ್ಲಿ ಸಾಲಾಗಿ ಪ್ಲಾಸ್ಟಿಕ್ ಡಬ್ಬಗಳು. ನನ್ನ ಕಣ್ಣು ಆಗಲೇ ಬಣ್ಣ ಹುಡುಕುತ್ತಿತ್ತು. ಮೇಡಂ ಮಾತ್ರ ಒಂದು ಮಾಮೂಲಿ ಕಂದು ಹಾವನ್ನು ನನ್ನ ಕೈಗಿಟ್ಟರು.

“ಬಣ್ಣ ಆಮ್ಯಾಗ ನೋಡೂಣು. ಮೊದಲ ಹಾವು ನೋಡಲಿಕ್ಕ ಕಲೀರಿ.”

ತಲೆಯಿಂದ ಬಾಲದವರೆಗೆ ಹೆಬ್ಬೆರಳು ಸರಿಸಲು ಹೇಳಿದರು. ಬೆನ್ನಿನಲ್ಲಿ ಎಲ್ಲಿಯೂ ಗಂಟು, ಡೊಂಕು ಸಿಗಬಾರದು. ಬೆನ್ನೆಲುಬು ಎದ್ದು ಕಂಡರೆ ಬಡಕಲು, ಬಾಲದ ಬುಡದಲ್ಲಿ ಮಡಿಕೆ ಬಿದ್ದರೆ ಕೊಬ್ಬು, ಮೊಟ್ಟೆಯಿಡಲು ಎರಡೂ ಆಗದು. ಗದ್ದದ ಕೆಳಗಿನ ಸಂದಿಯಲ್ಲಿ ಸಾಸಿವೆಯಂಥ ಕರಿ ಚುಕ್ಕೆ ಕಂಡರೆ ಉಣ್ಣಿ. ಕಿವಿಯ ಹತ್ತಿರ ಹಿಡಿದಾಗ ಉಸಿರಿನಲ್ಲಿ ಗೊರಗೊರ ಸದ್ದಿರಬಾರದು. ಆರೋಗ್ಯದ ಹಾವು ಕೈಗೆ ಸುತ್ತಿಕೊಂಡರೆ ಹಿಡಿತ ಬಿಗಿಯಾಗಿರುತ್ತದೆ, ಜೋತು ಬೀಳುವುದಿಲ್ಲ. ನನ್ನ ಕಸುಬಿನ ಚಾಳಿಯಿಂದ ನಾನು ಕಣ್ಣನ್ನೂ ನೋಡಿದೆ. ಎರಡೂ ಕಣ್ಣು ತಿಳಿಯಾಗಿದ್ದವು.

ಆಮೇಲೆ ಬಣ್ಣಗಳು ಬಂದವು. ಬಾಳೆಹಣ್ಣಿನ ಹಳದಿ, ಬೂದಿ, ಸುಟ್ಟ ಇಟ್ಟಿಗೆಯ ಕೆಂಪು. ಅವುಗಳಲ್ಲಿ ಒಂದರ ಮುಂದೆ ನಾನು ನಿಂತೇಬಿಟ್ಟೆ. ಜೇನುತುಪ್ಪದ ಮೈ, ಅದರ ಮೇಲೆ ಜೇಡರ ಬಲೆಯಂಥ ತೆಳು ಕಪ್ಪು ಗೆರೆಗಳು. ಡಬ್ಬ ಎಳೆದ ಕೂಡಲೇ ಅದು ತಲೆಯೆತ್ತಿ ನನ್ನತ್ತ ಬಂತು. ನನ್ನನ್ನು ನೋಡಲು ಬರುತ್ತಿದೆ ಎಂದುಕೊಂಡೆ. ಆದರೆ ತಲೆ ನನ್ನ ಹತ್ತಿರ ಬಂದು ನಿಲ್ಲಲಿಲ್ಲ. ಸಣ್ಣಗೆ ನಡುಗುತ್ತ ಒಂದು ಬದಿಗೆ ತಿರುಚಿಕೊಂಡಿತು. ಗದ್ದ ಮೇಲಾಗಿ, ಅದು ಚಾವಣಿಯಲ್ಲಿ ಏನನ್ನೋ ಹುಡುಕುವಂತೆ ಕಂಡಿತು.

“ಎಲ್ಲಾರಿಗೂ ಇದೇ ಪಸಂದ್ ಬರ್ತದ,” ಎಂದರು ಮೇಡಂ.

“ಇದಕ್ಕ ಏನಾಗೇತ್ರಿ?”

“ರೋಗಲ್ಲ ಇದು. ಆ ಗೆರಿ ಯಾವ ಗುಣದಿಂದ ಬಂದಾವ, ಈ ನಡುಕಾನೂ ಅದರಿಂದನ ಬಂದದ. ಗೆರಿ ಬೇಕು, ನಡುಕ ಬ್ಯಾಡ ಅಂದ್ರ ಆಗಂಗಿಲ್ಲ.”

ಮೊದಮೊದಲು ಗೊತ್ತಿಲ್ಲದೆ ತಂದದ್ದು ಎಂದು ಹೇಳಿದರು. ಒಮ್ಮೆ ಮರಿ ಮಾಡಿಸಿದ್ದರು. ಅರ್ಧ ಮರಿಗಳಿಗೆ ಆ ಗೆರೆ ಬಂತು, ಗೆರೆ ಬಂದ ಪ್ರತಿಯೊಂದಕ್ಕೂ ನಡುಕ ಬಂತು. ಒಂದಕ್ಕಂತೂ ಬಾಯಿ ಮುಂದಿನ ಆಹಾರವೂ ಸಿಗದೆ ಅದು ಉಳಿಯಲಿಲ್ಲ. ಆಮೇಲೆ ಇದನ್ನು ಕೂಡಿಸುವುದನ್ನೇ ಬಿಟ್ಟರು. ಕೇಳಿಕೊಂಡು ಬರುವವರು ಈಗಲೂ ಇದ್ದಾರೆ, ಮೇಡಂ ಕೊಡುವುದಿಲ್ಲ. ನನ್ನ ಕಂದು ಗಂಡಿನ ಜೊತೆ ಕೂಡಿಸಿದರೂ ಹೀಗೇ ಆದೀತೇ ಎಂದು ಕೇಳಿದೆ. ಯಾವ ಗಂಡಾದರೂ ಅಷ್ಟೇ ಎಂದರು.

ಆಗ ಬಾಗಿಲಿನಿಂದ ದನಿಯೊಂದು ಬಂತು. “ಹಂಗಾರ ಇದಕ್ಕ ಊಟಾ ಹೆಂಗ ಮಾಡಸ್ತೀರಿ, ಮೇಡಂ?”

ನನ್ನ ಗಂಡ. ಯಾವಾಗ ಮೆಟ್ಟಿಲು ಹತ್ತಿ ಬಂದರೋ ತಿಳಿಯದು. ಒಂದು ಕೈ ಇನ್ನೂ ಬಾಗಿಲ ಚೌಕಟ್ಟಿನ ಮೇಲೇ ಇತ್ತು. ಮೇಡಂ ಹೇಳುವ ಬದಲು ತೋರಿಸಿದರು. ಫ್ರೀಜರಿನಿಂದ ತೆಗೆದು ಬೆಚ್ಚಗೆ ಮಾಡಿದ ಇಲಿಯನ್ನು ಉದ್ದನೆಯ ಇಕ್ಕಳದಲ್ಲಿ ಅದರ ಮೂತಿಗೆ ಹತ್ತಿರ ಹಿಡಿದರು. ಹಾವು ಎಗರಿತು, ಗಾಳಿಯನ್ನು ಕಚ್ಚಿತು. ಮತ್ತೆ ಎಗರಿತು, ಡಬ್ಬದ ಅಂಚಿಗೆ ಬಡಿಯಿತು. ಮೇಡಂ ಇಕ್ಕಳ ಅಲುಗಾಡಿಸದೆ ಕಾದರು. ಕೊನೆಗೂ ಹಿಡಿತ ಸಿಕ್ಕಾಗ ನನ್ನ ಗಂಡ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ನಾನು ಹುಡುಕಿ ಬಂದಿದ್ದ ಬಿಳಿ ಹೆಣ್ಣು ಕೆಳಗಿನ ಸಾಲಿನಲ್ಲಿತ್ತು. ಕುತ್ತಿಗೆಯವರೆಗೆ ಕಂದು, ಅಲ್ಲಿಂದ ಒಗೆದ ಹೊಸ ಪಂಚೆಯಂತೆ ಬಿಳಿ, ನಡುವೆ ಕಾಫಿ ಚೆಲ್ಲಿದಂಥ ಮೂರ್ನಾಲ್ಕು ಕಲೆ. ಹೆಬ್ಬೆರಳು ಸರಿಸಿದೆ, ಗಂಟಿಲ್ಲ. ಉಸಿರು ಆಲಿಸಿದೆ, ಸದ್ದಿಲ್ಲ. ಹಿಂದಿನ ವರ್ಷ ಮೊಟ್ಟೆಯಿಟ್ಟು ಚೇತರಿಸಿಕೊಂಡು ಮೈ ತುಂಬಿಕೊಂಡಿತ್ತು. ಇದೇ ಎಂದೆ. ಮೇಡಂ ಒಪ್ಪಲಿಲ್ಲ. ಕೆಲವು ವಾರಗಳಿಂದ ಅದು ಊಟ ಬಿಟ್ಟಿತ್ತು. ಈ ಜಾತಿಗೆ ಉಪವಾಸ ಹೊಸದಲ್ಲ. ಆದರೂ ತಿನ್ನುವುದನ್ನು ಕಣ್ಣಾರೆ ನೋಡದೆ ಯಾವ ಹಾವನ್ನೂ ಮನೆಗೊಯ್ಯಬಾರದು ಎಂಬುದು ಅವರ ಮಾತು.

ಹೀಗೆ ಭಾನುವಾರದ ನಂತರ ಭಾನುವಾರ ನಾವು ಊರಿನ ಈ ತುದಿಯಿಂದ ಆ ತುದಿಗೆ ಹೋದೆವು. ನಾನು ಬಿಳಿಯದರ ಮುಂದೆ ಕೂರುತ್ತಿದ್ದೆ. ಅದು ಇಲಿಯನ್ನು ಮೂಸಿ ತಿರುಗಿಕೊಳ್ಳುತ್ತಿತ್ತು. ಅಷ್ಟರಲ್ಲಿ ನನ್ನ ಗಂಡನ ಕೈಗೆ ಇಕ್ಕಳ ಬಂದಿತ್ತು. ಜೇನುಬಣ್ಣದ ಹಾವಿಗೆ ತಿನ್ನಿಸುವುದು ಅವರ ಪಾಲಿನ ಕೆಲಸವಾಯಿತು. ಇಕ್ಕಳ ಇಷ್ಟು ಎತ್ತರ ಹಿಡಿದರೆ ಗುರಿ ತಪ್ಪುವುದು ಕಡಿಮೆ ಎಂದು ಕಾರಿನಲ್ಲಿ ನನಗೇ ಹೇಳಿಕೊಡುತ್ತಿದ್ದರು. ಡಬ್ಬದೊಳಗೆ ಕೈ ಹಾಕಿ ಮುಟ್ಟಲು ಮಾತ್ರ ಇವತ್ತಿಗೂ ಒಪ್ಪುವುದಿಲ್ಲ.

ಮೊದಲ ಚಳಿ ಬೀಳುವ ಮುಂಚೆ ಬಿಳಿ ಹೆಣ್ಣು ತಿಂದಿತು. ಮುಂದಿನ ವಾರವೂ ತಿಂದಿತು. ಇಲಾಖೆಯ ಕೆಲಸ ಮುಗಿಸಿ ಮನೆಗೆ ತಂದೆವು. ರೋಗವೇನಾದರೂ ಇದ್ದರೆ ತಿಳಿಯಲೆಂದು ಬೇರೆ ಕೋಣೆಯಲ್ಲಿಟ್ಟು, ಆಮೇಲೆ ಗಂಡಿನ ಜೊತೆ ಬಿಟ್ಟೆ. ಬೇಸಿಗೆ ಕಾಲಿಟ್ಟಾಗ ಅದು ಮೊಟ್ಟೆಯಿಟ್ಟು, ಅವುಗಳ ಸುತ್ತ ಮೈ ಸುತ್ತಿಕೊಂಡು ಮಲಗಿತ್ತು. ಆ ಬಿಗಿ ಸುರುಳಿಯನ್ನು ಬಿಡಿಸಿ ಮೊಟ್ಟೆ ತೆಗೆಯುವಾಗ ನನಗೆ ಬಹಳ ಸಂಕಟವಾಯಿತು. ಕರೆಂಟು ಹೋದರೂ ಶಾಖ ಹಿಡಿದಿಡುವ ಪೆಟ್ಟಿಗೆಯೊಂದನ್ನು ಮೇಡಂ ಕೊಟ್ಟಿದ್ದರು, ಮರಿಯಾಗುವ ತನಕ ಮೊಟ್ಟೆಗಳನ್ನು ಅದರಲ್ಲಿಟ್ಟೆ.

ಒಂದು ಬೆಳಿಗ್ಗೆ ಅಂಗಡಿಗೆ ಹೊರಡುವ ಮುನ್ನ ನೋಡಿದರೆ ಮೊಟ್ಟೆಯೊಂದರಲ್ಲಿ ಸೀಳು, ಅದರಲ್ಲಿ ಪುಟ್ಟ ಮೂತಿ. ಆ ದಿನ ಅಂಗಡಿ ತೆರೆಯಲಿಲ್ಲ. ಮೊದಲ ಮರಿ ಕಂದು. ಎರಡನೆಯದು ಕಂದು. ಮರುದಿನ ಸಂಜೆಯ ಹೊತ್ತಿಗೆ ಎಲ್ಲ ಮರಿಗಳೂ ಹೊರಬಂದಿದ್ದವು. ಎಲ್ಲವೂ ಕಂದೇ.

ಮೇಡಂಗೆ ಫೋನ್ ಮಾಡಿದಾಗ ನನ್ನ ದನಿಯಲ್ಲಿ ನಿರಾಸೆ ಇದ್ದಿರಬೇಕು.

“ಹಂಗಾದ್ರ ನಿಮ್ಮ ಗಂಡು ಖಾಲಿ ಕಂದೇ ಇರಬೇಕು. ಪಕ್ಕಾ ಹೇಳಲಿಕ್ಕ ಬರಂಗಿಲ್ಲ, ಖರೆ ಹಂಗ ಕಾಣಸ್ತದ. ಆದ್ರ ತಾಯಿ ಬಿಳಿ ಅದ ನೋಡ್ರಿ. ಈ ಮರಿಗಳ ಒಳಗ ಮಾತ್ರ ಬಿಳಿ ಇದ್ದೇ ಇರ್ತದ, ಒಂದೂ ಬಿಡದ.”

ಪುಣೆಗೂ ಸುದ್ದಿ ತಿಳಿಸಿದೆ. ಮೇಲಿನ ಮನೆಯಾಕೆ ಜೋರಾಗಿ ನಕ್ಕಳು. ತನ್ನ ಗಂಡ ಇಷ್ಟು ವರ್ಷ ಬಂದವರಿಗೆಲ್ಲ ಆ ಬಿಳಿಯ ಬಗ್ಗೆ ಜಂಬ ಕೊಚ್ಚಿದ್ದರಂತೆ.

ಮರಿಗಳು ಮೊದಲ ಪೊರೆ ಬಿಟ್ಟು ತಿನ್ನತೊಡಗಿದವು. ಒಂದು ಮಾತ್ರ ಹಟ ಹಿಡಿಯಿತು. ಮೇಡಂ ಹೇಳಿದಂತೆ ಅದಕ್ಕೆ ಅಡಗಲು ರಟ್ಟಿನ ಸಣ್ಣ ಗೂಡು ಮಾಡಿಟ್ಟ ಮೇಲೆ, ಯಾರೂ ನೋಡದಿರುವಾಗ ತಿಂದುಕೊಂಡಿತು. ಉಳಿದವಕ್ಕೆ ಮೇಡಂ ಒಳ್ಳೆಯ ಮನೆಗಳನ್ನು ಹುಡುಕಿದರು. ಹಟಮಾರಿಯನ್ನು ನಾನು ಇಟ್ಟುಕೊಂಡೆ, ಅದು ಹೆಣ್ಣು. ಈಗ ನನ್ನ ಮುಂಗೈಯಷ್ಟು ದಪ್ಪವಾಗಿದ್ದಾಳೆ. ಈ ವಾರ ಪೊರೆ ಬಿಡುವ ಹಂತದಲ್ಲಿದ್ದಾಳೆ, ಕಣ್ಣು ಹಾಲು ಹನಿಸಿದಂತೆ ಮಬ್ಬಾಗಿವೆ. ಅವು ತಿಳಿಯಾಗುವ ತನಕ ಅವಳನ್ನು ಮುಟ್ಟುವಂತಿಲ್ಲ.