ಹಿತ್ತಲಿನ ಒಲೆ

ನಮ್ಮತ್ತೆ ಬಸವರಾಜೇಶ್ವರಿಗೆ ರಾಯದುರ್ಗದ ಪೇಟೆಯೇ ಹೆದರುತ್ತದೆ. ಎದುರು ಮಾತಾಡುವವಳು ಸೊಸೆ ನಾನೊಬ್ಬಳೇ. ಲಿಂಗಪೂಜೆ ಮುಗಿಯುವ ತನಕ ಅಡುಗೆಮನೆಗೆ ಹಾಲಿನವನ ನೆರಳೂ ಬೀಳಬಾರದು. ಅಂಥವರು ದೀಪಾವಳಿ ಕಳೆಯಿತೆಂದರೆ ಸ್ವೆಟರ್ ಮಾರುವ ಯಾಂಗ್ಚೆನ್‌ಳ ದಾರಿ ಕಾಯುತ್ತಾರೆ. ಆಕೆ ಟಿಬೆಟ್ಟಿನಿಂದ ಬಂದವರ ಮಗಳು, ಹುಟ್ಟಿದ್ದು ಕರ್ನಾಟಕದ ನಿರಾಶ್ರಿತರ ಕ್ಯಾಂಪಿನಲ್ಲಿ. ಚಳಿಗಾಲವೆಲ್ಲ ನಮ್ಮ ಮುಂದಿನ ಕೋಣೆಯಲ್ಲೇ ವಾಸ. ಅತ್ತೆಯ ಬಾಯಲ್ಲಿ ಅವಳು ಯಂಕಮ್ಮ.

ಹೋದ ವರ್ಷ ಹಾಸಿಗೆ ಹಿಡಿದ ತಾಯಿಯನ್ನೂ ಆಟೋದಿಂದ ಎತ್ತಿ ಇಳಿಸಿದಳು.

“ಕ್ಯಾಂಪಿನಾಗಿನ ವೃದ್ಧಾಶ್ರಮ ಮುಚ್ಯಾರ್ರಿ ಅಮ್ಮಾ. ಹೊರದೇಶದ ಫಂಡ್ ನಿಂತೈತಿ. ನರ್ಸನ್ನೂ ತೆಗೆದ್ರು. ಇವರನ್ನ ಯಾರ ಹತ್ರ ಬಿಟ್ಟು ಬರ್ಲಿ?”

“ಅಯ್ಯ, ಅದಕ್ಯಾಕ ಅಳ್ತೀಯವ್ವ? ಒಳಗ ಕರ್ಕೊಂಬಾ,” ಎಂದರು ಅತ್ತೆ.

ಆಶ್ರಮದಲ್ಲಿ ದಿನವೂ ಮೂಳೆ ಸಾರು ಕುಡಿದು ಜೀವ ಹಿಡಿದಿದ್ದ ಅಜ್ಜಿ ಅದು. ಅತ್ತೆ ಗಂಜಿ ಕಾಯಿಸಿದರು, ಮಜ್ಜಿಗೆ ಅನ್ನ ನುರಿದರು, ತಾವೇ ಚಮಚ ಹಿಡಿದರು. ಅಜ್ಜಿ ಗೋಡೆಯತ್ತ ಮುಖ ತಿರುಗಿಸಿದರು. ಹೋಟೆಲಿನ ಖಾರದ ಸಾರು ಹೊಟ್ಟೆಗೆ ಹಿಡಿಸಲಿಲ್ಲ. ಕೊನೆಗೆ ಯಾಂಗ್ಚೆನ್ ಅಳುಕುತ್ತಲೇ ಕೇಳಿದಳು: “ಹಿತ್ತಲದಾಗ ಮೂರು ಕಲ್ಲಿಟ್ಟು ನಾನ ಚೂರು ಮೂಳೆ ಸಾರು ಕಾಸ್ಲೇನ್ರಿ?”

“ಲಿಂಗ ಇರೋ ಮನಿ. ಅದೊಂದು ಕೇಳಬ್ಯಾಡವ್ವ.”

ನನಗೆ ಸಿಟ್ಟು ನೆತ್ತಿಗೇರಿತು. ಹಿತ್ತಲೇನು ದೇವರ ಕೋಣೆಯೇ? ಅಂದೂಬಿಟ್ಟೆ. ಅತ್ತೆ ಎದ್ದು ಪೂಜೆಗೆ ಹೋದರು. ವ್ಯಾಪಾರ ಕುದುರುವ ಹೊತ್ತಿಗೇ ಯಾಂಗ್ಚೆನ್ ಗಂಟು ಕಟ್ಟಿ, ತಾಯಿಯನ್ನು ಕರೆದುಕೊಂಡು ಕ್ಯಾಂಪಿಗೆ ಹೊರಟಳು. ಅತ್ತೆ ಎಂದಿನಂತೆ ತವರಿಂದ ಹೋಗುವ ಮಗಳಿಗೆ ಮಾಡುವ ಹಾಗೆ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ಎಲ್ಲವೂ ಇದ್ದವು.

ಆಮೇಲೆ ಅವರಿಗೇ ಊಟ ಸೇರದಾಯಿತು. “ನಾನೆಂಥಾಕಿ ಸುಮಾ? ಸಾಯೋ ಜೀವದ ಬಾಯಿಗೆ ಅಡ್ಡ ನಿಂತೆ,” ಎಂದು ನನ್ನೆದುರು ಗಳಗಳನೆ ಅತ್ತರು. ಬೇಸಿಗೆಯಲ್ಲಿ ತಾವೇ ಮಣ್ಣು ಕಲಸಿ ಹಿತ್ತಲಲ್ಲಿ ಒಲೆ ಹಾಕಿದರು. ಮೇಲೆ ತಗಡು ಹೊದಿಸಿದರು. ಅದಕ್ಕೆಂದೇ ಬೇರೆ ಪಾತ್ರೆ ತಂದರು. ಅಜ್ಜಿ ಮತ್ತೆ ಬಂದರೆ ಇರಲಿ ಎಂದು.

ಈ ವರ್ಷ ಯಾಂಗ್ಚೆನ್ ಒಬ್ಬಳೇ ಬಂದಳು. ನಾವು ಕೇಳುವ ಮೊದಲೇ ತಲೆಯಾಡಿಸಿದಳು. ಯುಗಾದಿಗೂ ಮುಂಚೆಯೇ ತೀರಿಕೊಂಡರಂತೆ.

ಕಾಲು ತೊಳೆಯಲು ಹಿತ್ತಲಿಗೆ ಹೋದವಳು ಹೊಸ ಒಲೆ ನೋಡಿದಳು. “ಇದ್ಯಾವುದಕ್ರಿ ಅಮ್ಮಾ?”

“ನೀರು ಕಾಸಾಕವ್ವ,” ಎಂದರು ಅತ್ತೆ.

ಅವತ್ತು ನಾನು ಎದುರು ಮಾತಾಡಲಿಲ್ಲ.