ತಿದ್ದುಪಡಿ ಕೇಳಿ ಬಂದ ಮಿಸ್ಕ್ರಿಯಂಟ್

ಲಾರಿ ಹೋದಾಗಲೆಲ್ಲ ಚರಂಡಿಯ ಕಬ್ಬಿಣದ ಮುಚ್ಚಳ ಟಣ್ಣನೆ ಎದ್ದು ಢಬ್ಬೆಂದು ಕೂರುತ್ತಿತ್ತು. ನಮ್ಮ ಬೀದಿ ಆ ಸದ್ದಿಗೇ ಏಳುತ್ತಿತ್ತು, ಆ ಸದ್ದಿಗೇ ರೇಗುತ್ತಿತ್ತು. ಮುಚ್ಚಳದ ಎದುರು ಮನೆಯ ಮಹಡಿ ಕೋಣೆಯಲ್ಲಿ ಇಸ್ತ್ರಿಮಾಮ, ಕೆಳಗೆ ಅವರ ಅಕ್ಕ, ಭಾವ. ಇಸ್ತ್ರಿಮಾಮ ಇಸ್ತ್ರಿ ಮಾಡುತ್ತಿದ್ದುದು ಬಟ್ಟೆಯನ್ನಲ್ಲ. ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಉಪಸಂಪಾದಕರಾಗಿ, ವರದಿಗಾರರು ಮುದುರಿ ತಂದ ವಾಕ್ಯಗಳ ಸುಕ್ಕು ಬಿಡಿಸುತ್ತಿದ್ದರು. ಕಚೇರಿಯಲ್ಲಿಟ್ಟ ಹೆಸರು ಅವರ ಬೆನ್ನು ಹತ್ತಿ ಬೀದಿಗೂ ಬಂದಿತ್ತು.

ಅವರ ಕೈಯಲ್ಲಿ ಸದಾ ಬಿಸಿಯಾಗಿರುತ್ತಿದ್ದ ಒಂದು ಪದವಿತ್ತು: ಮಿಸ್ಕ್ರಿಯಂಟ್ಸ್. ಕಿಡಿಗೇಡಿಗಳು ಎಂಬರ್ಥದ ಹಳೇ ಇಂಗ್ಲಿಷ್ ಪದ. ಅದನ್ನು ಬಾಯಲ್ಲಿ ಆಡುವವರು ಯಾರೂ ಉಳಿದಿರಲಿಲ್ಲ, ಪತ್ರಿಕೆಯಲ್ಲಿ ಮಾತ್ರ ದಿನಕ್ಕೊಮ್ಮೆ ಅಚ್ಚಾಗುತ್ತಿತ್ತು. ಪೊಲೀಸರು ಪತ್ರಿಕೆಗೆ ಕಳಿಸುವ ಸುದ್ದಿಚೀಟಿಯಲ್ಲಿ ಹೆಸರಿಲ್ಲದೆ ‘ಕೆಲವರು’ ಎಂದಷ್ಟೇ ಇದ್ದರೆ, ಅದನ್ನು ಹೊಡೆದು ಈ ಪದ ಕೂರಿಸುವುದು ಆ ಕಚೇರಿಯ ಪದ್ಧತಿ. ಇಸ್ತ್ರಿಮಾಮನಿಗೆ ಅದನ್ನು ಹಿರಿಯರು ಕಲಿಸಿದ್ದರು, ಆ ಹಿರಿಯರಿಗೆ ಅವರ ಹಿರಿಯರು. ಈ ಪದವನ್ನು ಯಾರಾದರೂ ಬಾಯಲ್ಲಿ ಆಡಿದ್ದು ಕೇಳಿದ್ದೀರಾ ಎಂದು ಹೊಸ ವರದಿಗಾರ್ತಿ ಒಮ್ಮೆ ಕೇಳಿದ್ದಳು.

“ಇಲ್ಲಮ್ಮ. ಆದರೆ ಆ ಮಿಸ್ಕ್ರಿಯಂಟ್ ನಾನೇ, ತಿದ್ದುಪಡಿ ಹಾಕಿ ಅಂತ ಮೂವತ್ತು ವರ್ಷದಲ್ಲಿ ಒಬ್ಬರೂ ಬಂದಿಲ್ಲ. ಇದಕ್ಕಿಂತ ಒಳ್ಳೇ ಪದ ಎಲ್ಲಿ ಸಿಗುತ್ತೆ?” ಎಂದಿದ್ದರು ತಲೆ ಎತ್ತದೆ.

ಸಡಿಲ ಮುಚ್ಚಳದ ಮೇಲೆ ಕಾಲಿಟ್ಟು ಭಾವ ಸೊಂಟ ಮುರಿದುಕೊಂಡರು. ಮುಚ್ಚಳ ಸರಿಮಾಡಿ, ಲಾರಿ ನಿಲ್ಲಿಸಿ ಎಂದು ಅಕ್ಕ ಬರೆದ ಮೂರು ಅರ್ಜಿಗಳಿಗೆ ನಗರಸಭೆ ಉತ್ತರ ಕೊಡಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಅಕ್ಕ ಅಂಗಳದ ಕಲ್ಲೊಂದನ್ನು ಬೀದಿಗೆ ಉರುಳಿಸಿದರು. ಎದುರು ಮನೆಯ ದರ್ಜಿ ಎರಡನೆಯದನ್ನು ತಂದ. ಮಧ್ಯಾಹ್ನದವರೆಗೆ ಒಂದೂ ಲಾರಿ ಹೋಗಲಿಲ್ಲ. ಇಸ್ತ್ರಿಮಾಮ ಪ್ಯಾಂಟಿನ ಅಂಚು ಎತ್ತಿ ಹಿಡಿದು, ಆ ಕಲ್ಲುಗಳನ್ನು ದಾಟಿಕೊಂಡೇ ಕೆಲಸಕ್ಕೆ ಹೋದರು.

ಸಂಜೆ ಕಚೇರಿಗೆ ಪೊಲೀಸ್ ಚೀಟಿ ಬಂತು: ಕೆಲವರು ರಸ್ತೆಗೆ ಕಲ್ಲು ಅಡ್ಡ ಹಾಕಿದ್ದಾರೆ. ಬೀದಿಯ ಹೆಸರನ್ನು ಕಣ್ಣು ಓದಿತು. ಅಷ್ಟರಲ್ಲಿ ಕೈ ‘ಕೆಲವರು’ ಹೊಡೆದು ‘ಮಿಸ್ಕ್ರಿಯಂಟ್ಸ್’ ಕೂರಿಸಿತ್ತು.

ನಗರಸಭೆಯ ಇಂಜಿನಿಯರ್ ಮರುದಿನ ಅಚ್ಚಾದ ಆ ಸುದ್ದಿ ಕತ್ತರಿಸಿ, ಅಕ್ಕನ ಅರ್ಜಿಗೇ ಪಿನ್ನು ಚುಚ್ಚಿ ವಾಪಸು ಕಳಿಸಿದರು. ಕಿಡಿಗೇಡಿಗಳ ಮನವಿ ಪರಿಗಣಿಸಲಾಗದು ಎಂದು ಷರಾ ಬೇರೆ. ಲಾರಿಗಳು ಮತ್ತೆ ಓಡಿದವು. ಅಂದಿನಿಂದ ಇಸ್ತ್ರಿಮಾಮನ ಊಟದ ತಟ್ಟೆ ಮೆಟ್ಟಿಲ ಮೇಲೆ ಕುಕ್ಕಿದ ಸದ್ದಷ್ಟೇ ಕೇಳುತ್ತಿತ್ತು, ಕರೆಯುವ ದನಿ ಇಲ್ಲ. ಗುಂಡಿ ಹಾಕಲು ಕೊಟ್ಟ ಅಂಗಿಯನ್ನು ದರ್ಜಿ ಹಾಗೆಯೇ ತಂದಿಟ್ಟ.

“ಮಿಸ್ಕ್ರಿಯಂಟ್ ಕೈ ಹೊಲಿಗೆ ಸಾರ್, ಮೈಗೆ ಚುಚ್ಚುತ್ತೆ.”

ಮೂರನೇ ದಿನ ಅಕ್ಕ ಒಬ್ಬರೇ ಪತ್ರಿಕೆಯ ಕಚೇರಿಗೆ ಹೋಗಿ ಸಂಪಾದಕರ ಮುಂದೆ ಕುಳಿತರು.

“ಆ ಮಿಸ್ಕ್ರಿಯಂಟ್ ನಾನೇ. ತಿದ್ದುಪಡಿ ಹಾಕಿ.”

ಕೀಲಿಮಣೆಗಳ ಸದ್ದು ನಿಂತಿತು. ಇಸ್ತ್ರಿಮಾಮ ಎದ್ದು ಬಂದರು. ತಪ್ಪು ಕಚೇರಿಯದ್ದಾದರೆ ನಾವೇ ತಿದ್ದುತ್ತೇವೆ, ಇಲ್ಲದಿದ್ದರೆ ದೂರು ಕೊಡುವವರು ಹೆಸರು, ವಿಳಾಸ ಬರೆಯಬೇಕು ಎಂದು ಸಂಪಾದಕರು ರಿಜಿಸ್ಟರ್ ಮುಂದೆ ತಳ್ಳಿದರು. ಚೀಟಿ ತರುವ ಪೇದೆ ಬಾಗಿಲಲ್ಲೇ ನಿಂತಿದ್ದ. ಅವನ ಕೇಸಿಗೆ ಬೇಕಾಗಿದ್ದುದೂ ಒಂದು ಹೆಸರೇ. ಅಕ್ಕ ಪೆನ್ನಿನ ಮುಚ್ಚಳ ತೆಗೆದರು.

“ಪೊಲೀಸ್ ಚೀಟಿಯಲ್ಲಿ ಹೀಗೇ ಇತ್ತು, ಅಲ್ವಾ?” ಸಂಪಾದಕರು ಇಸ್ತ್ರಿಮಾಮನ ಮುಖ ನೋಡಿದರು. ಹೌದು ಎಂದರೆ ನೌಕರಿಯೂ ಪತ್ರಿಕೆಯೂ ಕ್ಷೇಮ.

ಇಸ್ತ್ರಿಮಾಮ ರಿಜಿಸ್ಟರಿನ ಮೇಲೆ ಅಂಗೈ ಊರಿದರು. “ಇಲ್ಲ. ಪದ ನಂದು. ಅವತ್ತು ಬೆಳಿಗ್ಗೆ ಆ ಕಲ್ಲು ದಾಟೇ ಬಂದಿದ್ದೆ. ಅಲ್ಲಿದ್ದವರು ಆ ಬೀದಿಯ ಮನೆಗಳವರು.”

“ನೋಡಿದ್ದೀರಾ? ಯಾರ್ಯಾರಿದ್ರು?” ಪೇದೆ ಒಳಗೆ ಬಂದ.

“ಕೆಲವರು” ಎಂದರು ಇಸ್ತ್ರಿಮಾಮ.

ನಾಳೆಯಿಂದ ನಿಮಗೆ ಹವಾಮಾನದ ಪಟ್ಟಿ ಸಾಕು ಎಂದು ಸಂಪಾದಕರು ರಿಜಿಸ್ಟರ್ ಎಳೆದುಕೊಂಡರು. ಅಕ್ಕ ಪೆನ್ನು ಮುಚ್ಚಿ ಎದ್ದು ಹೋದರು. ತಮ್ಮನ ಕಡೆ ತಿರುಗಲಿಲ್ಲ.

ಮರುದಿನ ಆರನೇ ಪುಟದ ಮೂಲೆಯಲ್ಲಿ ಎರಡು ಸಾಲು ಬಂತು: ಕಲ್ಲಿಟ್ಟವರು ಬೀದಿಯ ನಿವಾಸಿಗಳು, ಮೊದಲು ಬಳಸಿದ ಪದ ಪೊಲೀಸರದ್ದಲ್ಲ, ಪತ್ರಿಕೆಯದ್ದು. ಇಸ್ತ್ರಿಮಾಮ ಕೆಲಸಕ್ಕೆ ಹೊರಟಾಗ ಅಕ್ಕ ಗೇಟಿನ ಬಳಿ ನಿಂತು, ಅದೇ ಅರ್ಜಿಗೆ ಅದೇ ಪಿನ್ನಿನಿಂದ ಆ ಎರಡು ಸಾಲಿನ ತುಣುಕನ್ನು ಚುಚ್ಚುತ್ತಿದ್ದರು.

“ಮೂವತ್ತು ವರ್ಷ. ಎಷ್ಟು ಜನರಿಗೆ ಹೀಗೆ ಬರೆದೆ?” ನಾಲ್ಕು ದಿನದ ಮೇಲೆ ತಮ್ಮನೊಡನೆ ಆಡಿದ ಮೊದಲ ಮಾತು ಅದು.

ಲಾರಿಯೊಂದು ಹಾಯಿತು, ಮುಚ್ಚಳ ಟಣ್ಣನೆ ಎದ್ದು ಕೂತಿತು.

“ಯಾರೂ ಬಂದು ಕೇಳಲಿಲ್ಲ ಅಕ್ಕ. ಒಬ್ಬರಾದರೂ ಬಂದು ಕೇಳಿದ್ದರೆ ನಾನು...” ಎನ್ನುತ್ತಲೇ ಇಸ್ತ್ರಿಮಾಮ ಮುಚ್ಚಳವನ್ನು ಸುತ್ತುಬಳಸಿ ನಡೆದುಬಿಟ್ಟರು.