ಸೀತವ್ವ ಬಿಚ್ಚಿದ ಹೀಟರ್

ಬಸವನ ಬಾಗೇವಾಡಿಯಿಂದ ಮನಗೂಳಿಗೆ ಹೋಗುವ ರಸ್ತೆಯ ಬದಿಗೆ ಸೀತವ್ವನ ರೇಡಿಯೇಟರ್ ರಿಪೇರಿ ಅಂಗಡಿ ಇದೆ. ಮೊದಲು ಅದನ್ನು ನಡೆಸುತ್ತಿದ್ದವನು ಅವಳ ಗಂಡ ಭೀಮಶ್ಯಾ. ಟ್ರ್ಯಾಕ್ಟರ್, ಟೆಂಪೊಗಳ ಸೋರುವ ರೇಡಿಯೇಟರಿಗೆ ಅವನು ಬೆಸುಗೆ ಹಾಕಿದರೆ, ಅದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುವುದು ಅವಳ ಕೆಲಸವಾಗಿತ್ತು. ಭೀಮಶ್ಯಾನಿಗೆ ಲಕ್ವಾ ಹೊಡೆದು ಬಲಗೈ ಸ್ವಾಧೀನ ತಪ್ಪಿದ ಮೇಲೆ ಬೆಸುಗೆಯ ಗ್ಯಾಸ್ ಟಾರ್ಚನ್ನು ಅವಳೇ ಹಿಡಿದಳು. ಮೊದಮೊದಲು ಗಿರಾಕಿಗಳು ಬಾಗಿಲಲ್ಲೇ ನಿಂತು, ಭೀಮಶ್ಯಾ ಯಾವಾಗ ಬರುತ್ತಾನೆ ಎಂದು ಕೇಳಿ ಹೋಗುತ್ತಿದ್ದರು. ಬರಬರುತ್ತ ಕೇಳುವುದನ್ನು ಬಿಟ್ಟು ಕೆಲಸ ಕೊಟ್ಟು ಹೋಗತೊಡಗಿದರು.

ಭೀಮಶ್ಯಾ ಮಾತ್ರ ಮನೆ ಬಿಟ್ಟು ಹೊರಬೀಳಲಿಲ್ಲ. ಮಾತು ತೊದಲುತ್ತಿತ್ತು, ಬಾಯಿ ಒಂದು ಕಡೆ ವಾಲಿತ್ತು. ತನ್ನನ್ನು ಗಟ್ಟಿ ಆಳೆಂದು ಕಂಡ ಜನ ಹೀಗೆ ನೋಡುವುದು ಅವನಿಗೆ ಬೇಡವಾಗಿತ್ತು. ಮಾತನಾಡಿಸಲು ಬಂದವರನ್ನು, ಮಲಗಿದ್ದಾನೆಂದು ಹೇಳಿ ಸೀತವ್ವ ಹೊರಗಿನಿಂದಲೇ ಕಳಿಸುತ್ತಿದ್ದಳು.

ಒಂದು ಚಳಿಗಾಲ ಗೊಳಸಂಗಿಯ ಕಾಳಿನ ವ್ಯಾಪಾರಿ ಬಸಂತರಾಯ ತನ್ನ ಹಳೆಯ ಅಂಬಾಸಿಡರ್ ಕಾರು ತಂದು ಅಂಗಡಿ ಮುಂದೆ ನಿಲ್ಲಿಸಿದ. ಆ ಕಾರನ್ನು ಅವನ ತಂದೆ ಊಟಿ ಕಡೆಯವರೊಬ್ಬರಿಂದ ಕೊಂಡಿದ್ದರು. ಚಳಿಯ ಊರಿನ ಗಾಡಿಯಾದ್ದರಿಂದ ಅದರಲ್ಲಿ ಹೀಟರ್ ಇತ್ತು. ಎಂಜಿನ್ನಿನ ಬಿಸಿನೀರು ಡ್ಯಾಶ್‌ಬೋರ್ಡಿನ ಕೆಳಗಿನ ಒಂದು ಡಬ್ಬಿಗೆ ಬಂದು, ಅಲ್ಲಿನ ಪುಟ್ಟ ರೇಡಿಯೇಟರಿನಲ್ಲಿ ಹರಿದಾಡುತ್ತದೆ; ಹಿಂದಿನ ಫ್ಯಾನು ಆ ಬಿಸಿಯನ್ನು ಕಾಲಿನ ಕಡೆ ಊದುತ್ತದೆ. ಅದು ಸೋರತೊಡಗಿದಾಗ ಯಾರೋ ಮೆಕ್ಯಾನಿಕ್ ಡಬ್ಬಿಗೆ ನೀರು ಹೋಗದಂತೆ ಪೈಪನ್ನು ಹೊರಗಿಂದಲೇ ತಿರುಗಿಸಿ ಜೋಡಿಸಿಬಿಟ್ಟಿದ್ದ. ಈ ಬಿಸಿಲು ಸೀಮೆಯಲ್ಲಿ ಅದು ಬೇಕೆಂದು ಯಾರಿಗೂ ಅನಿಸಿರಲಿಲ್ಲ.

ಈಗ ಬೇಕಾಗಿತ್ತು. ಬಸಂತರಾಯನ ಹೆಂಡತಿ ವಿದ್ಯಾವತಿಗೆ ಕಿಡ್ನಿ ಕೆಟ್ಟು, ಡಯಾಲಿಸಿಸ್ಸಿಗೆಂದು ವಾರವಾರ ವಿಜಯಪುರಕ್ಕೆ ಓಡಾಡಬೇಕಿತ್ತು. ಹೋಗುವಾಗ ನಸುಕಿನ ಥಂಡಿ. ಬರುವಾಗ ಬಿಸಿಲಿದ್ದರೂ ಅವಳ ಮೈ ನಡುಗುತ್ತಿತ್ತು. ಮಗನ ಹೊಸ ಕಾರಿತ್ತು, ಆದರೆ ಕಾಲು ಚಾಚಿ ಮಲಗಲು ಅವಳಿಗೆ ಅಂಬಾಸಿಡರಿನ ಹಿಂದಿನ ಸೀಟೇ ಹಿಡಿಸಿತ್ತು. ಬಸಂತರಾಯ ಕೇಳಿದ ಗ್ಯಾರೇಜಿನವರೆಲ್ಲ ಆ ಡಬ್ಬಿಯನ್ನು ಕಿತ್ತು ಒಗೆಯಿರಿ ಎಂದಿದ್ದರು.

"ಬಿಚ್ಚಿ ತಂದ್ರ ಬೆಸಿಗಿ ಹಾಕಿ ಕೊಡ್ತೇನ್ರಿ, ಸಾವಕಾರ್ರ. ಗಾಡ್ಯಾಗಿಂದ ಬಿಚ್ಚೋ ಕೆಲಸ ನಾ ಎಂದೂ ಮಾಡಿಲ್ರಿ" ಎಂದಳು ಸೀತವ್ವ.

ಅಷ್ಟರಲ್ಲಿ ಅವಳ ಕಣ್ಣು ಹಿಂದಿನ ಸೀಟಿನತ್ತ ಹೋಯಿತು. ನಡುಹಗಲಿನಲ್ಲಿ ವಿದ್ಯಾವತಿ ಸ್ವೆಟರ್ ಹಾಕಿಕೊಂಡು, ಕಾಲಿಗೆ ಕಂಬಳಿ ಸುತ್ತಿಕೊಂಡು ಕುಳಿತಿದ್ದಳು. ಮಗನ ಗಾಡಿ ತರಿಸಿಕೊಂಡು ಮನೆಗೆ ಹೋಗಿರಿ, ಇದನ್ನು ಇಲ್ಲೇ ಬಿಡಿರಿ ಎಂದಳು ಸೀತವ್ವ.

ಮರುದಿನ ನೀರು ಖಾಲಿ ಮಾಡಿ, ಪೈಪು ಕಳಚಿ, ವೈರು ಬಿಡಿಸಿ, ಕಂಡ ಬೋಲ್ಟುಗಳನ್ನೆಲ್ಲ ತೆಗೆದಳು. ಡಬ್ಬಿ ಅಲುಗಾಡಿತೇ ಹೊರತು ಕೆಳಗಿಳಿಯಲಿಲ್ಲ. ಇನ್ನೂ ಜಗ್ಗಿದರೆ ತಗಡು ಹರಿದೀತೆಂದು ಹೆದರಿ ಬಿಟ್ಟಳು. ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಅವನು ಏನನ್ನೋ ವಿವರಿಸಲು ಹೋದ, ಮಾತು ಕೂಡಿ ಬರಲಿಲ್ಲ. ಎಡಗೈಯಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದ, ಅವಳಿಗೆ ತಿಳಿಯಲಿಲ್ಲ. ಸಿಟ್ಟಿನಿಂದ ತಾಟು ಸರಿಸಿ ಗೋಡೆಯ ಕಡೆ ತಿರುಗಿ ಕುಳಿತ. ಪಾತ್ರೆ ತೊಳೆದು ಒಳಗೆ ಬಂದಾಗ ಅವನು ನಿಧಾನವಾಗಿ, ಒಂದೊಂದೇ ಶಬ್ದ ಹುಡುಕಿ ಹೇಳಿದ:

"ನನ್ನ... ಅಲ್ಲಿಗಿ... ಕರಕೊಂಡ ಹೋಗು."

ಆಟೋದಲ್ಲಿ ಅಂಗಡಿಗೆ ಕರೆತಂದು ಕಾರಿನ ತೆರೆದ ಬಾಗಿಲ ಬಳಿ ಕುರ್ಚಿ ಹಾಕಿ ಕೂಡಿಸಿದಳು. ಅವನು ಒಳಗೆ ಇಣುಕದೆ ಬಾನೆಟ್ಟಿನ ಕಡೆ ಬೆರಳು ಮಾಡಿದ. ಎಂಜಿನ್ನಿನ ಬದಿಯಿಂದ ಡಬ್ಬಿಯನ್ನು ಹಿಡಿದಿದ್ದ ಒಂದು ನಟ್ಟು, ಎಣ್ಣೆ ಧೂಳಿನ ಗಸಿಯಲ್ಲಿ ಮುಚ್ಚಿಹೋಗಿತ್ತು. ಅದನ್ನು ಬಿಚ್ಚಿದ್ದೇ ಡಬ್ಬಿ ಅವಳ ಕೈಗೆ ಬಂತು.

ಒಳಗೆ ಇಲಿಯ ಗೂಡು, ಪುಡಿಯಾದ ಸ್ಪಂಜು, ತುಕ್ಕು. ಫ್ಯಾನಿನ ಮೋಟಾರನ್ನು ಪಕ್ಕದ ವೈಂಡಿಂಗ್ ಅಂಗಡಿಯ ನಬಿಸಾಬನಿಗೆ ಕೊಟ್ಟಳು. ಡಬ್ಬಿ ತಿಕ್ಕಿ ಬಣ್ಣ ಬಳಿದಳು. ಪುಟ್ಟ ರೇಡಿಯೇಟರಿಗೆ ಗಾಳಿ ತುಂಬಿ ತೊಟ್ಟಿಯಲ್ಲಿ ಮುಳುಗಿಸಿದರೆ ಒಂದು ನಳಿಗೆಯಿಂದ ಗುಳ್ಳೆ ಎದ್ದವು. ಬೆಸುಗೆ ಹಾಕಿದಳು, ಅದರ ಮಗ್ಗುಲಲ್ಲೇ ಮತ್ತೆ ಸೋರಿತು. ಇನ್ನೊಮ್ಮೆ ಹಾಕಿದಳು, ಹಿತ್ತಾಳೆ ಕಾಗದದ ಹಾಳೆಯಷ್ಟು ತೆಳ್ಳಗಾಗಿತ್ತು, ತೂತು ದೊಡ್ಡದಾಯಿತು. ಕೈಚೆಲ್ಲಿ ಕುಳಿತಾಗ ಭೀಮಶ್ಯಾ ಎರಡು ಬೆರಳು ಎತ್ತಿ, "ಎರಡೂ... ಬಾಯಿ... ಮುಚ್ಚು" ಎಂದ. ಆ ಒಂದು ನಳಿಗೆಯನ್ನೇ ಎರಡೂ ತುದಿಗೆ ಮುಚ್ಚಿ ಬಿಟ್ಟುಬಿಡುವುದು. ಉಳಿದ ನಳಿಗೆಗಳಲ್ಲಿ ನೀರು ಹರಿದರೆ ಸಾಕು. ಹಾಗೇ ಮಾಡಿದಳು. ತೊಟ್ಟಿಯ ನೀರು ಅಲುಗಾಡದೆ ನಿಂತಿತು.

ಎಲ್ಲ ಕೂಡಿಸಿ ಎಂಜಿನ್ ಶುರು ಮಾಡಿದರೆ ಫ್ಯಾನಿನಿಂದ ತಣ್ಣನೆ ಗಾಳಿಯೇ ಬಂತು. ಪೈಪಿನಲ್ಲಿ ಗಾಳಿ ಸಿಕ್ಕಿರಬೇಕೆಂದು ಈ ಸಲ ಸೀತವ್ವನಿಗೇ ಹೊಳೆಯಿತು. ಎಂಜಿನ್ ಆರಿಸಿ, ಮೇಲಿನ ಪೈಪು ಸಡಿಲಿಸಿ, ನೀರು ತುಂಬಿ ಬರುವ ತನಕ ಕಾದು ಬಿಗಿದಳು. ಮತ್ತೆ ಶುರು ಮಾಡಿದಾಗ ಸ್ವಲ್ಪ ಹೊತ್ತಿಗೆ ಗಾಳಿ ಬೆಚ್ಚಗಾಯಿತು.

ಕಾರು ಒಯ್ಯಲು ಗಂಡನ ಜೊತೆ ಬಂದ ವಿದ್ಯಾವತಿ ಮುಂದಿನ ಸೀಟಿನಲ್ಲಿ ಕುಳಿತು, ಕಾಲುಚೀಲ ತೆಗೆದು ಪಾದಗಳನ್ನು ಗಾಳಿಗೆ ಒಡ್ಡಿದಳು. ಆಮೇಲೆ, "ಇನ್ನ ಮ್ಯಾಲೆ ಮುಂದ ಕುಂತು ಹೋಗ್ತೇನಿ" ಎಂದಳು. ಆ ಚಳಿಗಾಲ ಅವಳು ಹಾಗೇ ಓಡಾಡಿದಳು. ಕಾಯಿಲೆ ಗುಣವಾಗುವಂಥದ್ದಲ್ಲ, ದಾರಿಯ ನಡುಕವೊಂದು ತಪ್ಪಿತು.

ಭೀಮಶ್ಯಾ ಅಂದಿನಿಂದ ದಿನಾಲೂ ಅಂಗಡಿಗೆ ಬರುತ್ತಾನೆ. ಹೋಗಿಬರುವವರು ನಿಂತು ಮಾತಾಡಿಸುತ್ತಾರೆ, ಅವನು ತೊದಲುತ್ತಲೇ ಉತ್ತರ ಕೊಡುತ್ತಾನೆ. ಈಚೆಗೆ ಆಲಮಟ್ಟಿಯಿಂದ ಬಂದ ಒಂದು ಹಳೆಯ ಜೀಪಿನ ರೇಡಿಯೇಟರಿಗೆ ಎಡಗೈಯಿಂದ ಬೆಸುಗೆ ಹಾಕಿದ. ಸೀತವ್ವ ತೊಟ್ಟಿಯಲ್ಲಿ ಮುಳುಗಿಸಿ ನೋಡಿದಳು. ಗುಳ್ಳೆ ಬಂದವು. ತೆಗೆದು ಒರೆಸಿ, ಮತ್ತೆ ಹಾಕು ಎಂದು ಅವನ ಮುಂದೆ ಇಟ್ಟಳು.